ಸ್ಕೂಲ್ ಪೇಪರಿನ ಲೇಖನವನ್ನು ಪ್ರಿನ್ಸಿಪಾಲ್ ತಡೆದರೆ ಏನು ದಾರಿ? (ಟೆಕ್ಸಾಸ್, ಪಬ್ಲಿಕ್ ಹೈಸ್ಕೂಲ್)

ಪ್ಲೇನೋ_ಅಮ್ಮ

ನಮಸ್ಕಾರ. ಡಲ್ಲಾಸ್ ಆಸುಪಾಸಿನ ಪಬ್ಲಿಕ್ (ಸರಕಾರಿ) ಹೈಸ್ಕೂಲು, ಹೆಸರು ಬೇಡ. ಮಗಳು 11ನೇ ಗ್ರೇಡ್, ಸ್ಕೂಲ್ ಪೇಪರಿಗೆ ನ್ಯೂಸ್ ಎಡಿಟರ್. ಪೇಪರು ಜರ್ನಲಿಸಂ ಕ್ಲಾಸಿನಿಂದಲೇ ಹೊರಡುತ್ತೆ, ಅದಕ್ಕೆ ಕ್ರೆಡಿಟ್ ಇದೆ, ಅಡ್ವೈಸರ್ ಟೀಚರ್ ಇದ್ದಾರೆ.

ಲೇಖನದ ವಿಷಯ: ಮಕ್ಕಳು ವೇಪ್ (ಇ-ಸಿಗರೇಟು) ಸೇದುತ್ತಾರೆ ಅಂತ ಕ್ಲಾಸ್ ನಡೆಯುವಾಗ ಟಾಯ್ಲೆಟ್‌ಗಳಿಗೆ ಬೀಗ ಹಾಕುವುದು, ಮತ್ತು ಅದನ್ನು ಪತ್ತೆಹಚ್ಚಲು ಹೊಸದಾಗಿ ಕೂರಿಸಿರುವ ಸೆನ್ಸರ್‌ಗಳು. ಹೆಸರು ಹೇಳಿ ಮಾತಾಡಿದವರು ಇಬ್ಬರು, ಹೆಸರು ಬಿಟ್ಟು ಒಬ್ಬಳು. ಪ್ರಿನ್ಸಿಪಾಲ್ "ಇದು ಸರಿಹೋಗಲ್ಲ, ಸ್ಕೂಲಿನ ಹೆಸರು ಕೆಡುತ್ತೆ" ಅಂತ ಬಾಯಲ್ಲೇ ಹೇಳಿ ನಿಲ್ಲಿಸಿದ್ದಾರೆ. ಅಮೆರಿಕದಲ್ಲಿ ವಾಕ್ ಸ್ವಾತಂತ್ರ್ಯ ಇದೆಯಲ್ಲ, ಇದು ಹೇಗೆ ಸಾಧ್ಯ? ಏನು ಮಾಡಬಹುದು, ಯಾವ ಕ್ರಮದಲ್ಲಿ?

ಕರಡು_ತಿದ್ದುವವ

ಮೇಡಂ, "ವಾಕ್ ಸ್ವಾತಂತ್ರ್ಯ ಇದೆಯಲ್ಲ" ಅಂತ ಮೇಲ್ ಶುರು ಮಾಡಬೇಡಿ, ಮೊದಲ ಸಾಲಿನಲ್ಲೇ ಸೋಲುತ್ತೀರಿ. ಮಗು ಸ್ಕೂಲಿನಲ್ಲಿ ತಾನಾಗಿ ಆಡುವ ಮಾತು ಬೇರೆ, ಸ್ಕೂಲು ತನ್ನ ದುಡ್ಡಿನಲ್ಲಿ ತನ್ನ ಹೆಸರಿನಲ್ಲಿ ಅಚ್ಚು ಹಾಕಿಸುವ ಮಾತು ಬೇರೆ. ಮೊದಲನೆಯದಕ್ಕೆ ಸುಪ್ರೀಂ ಕೋರ್ಟಿನ 1969ರ ಟಿಂಕರ್ ತೀರ್ಪು. ವಿಯೆಟ್ನಾಂ ಯುದ್ಧ ವಿರೋಧಿಸಿ ಮಕ್ಕಳು ಕಪ್ಪು ಪಟ್ಟಿ ಕಟ್ಟಿಕೊಂಡು ಬಂದಿದ್ದ ಕೇಸು. ಪಾಠಪ್ರವಚನಕ್ಕೆ ಗಣನೀಯ ಅಡ್ಡಿಯಾಗುವಂತಿದ್ದರೆ ಅಥವಾ ಬೇರೆಯವರ ಹಕ್ಕಿಗೆ ಧಕ್ಕೆಯಾಗುವಂತಿದ್ದರೆ ಮಾತ್ರ ತಡೆಯಬಹುದು ಎಂದಿತು ಕೋರ್ಟು. ಎರಡನೆಯದಕ್ಕೆ ಹೇಝಲ್‌ವುಡ್. ನಿಮ್ಮದು ಎರಡನೆಯದು.

ಹೇಝಲ್‌ವುಡ್ ಸ್ವಲ್ಪ ವಿವರವಾಗಿ ಹೇಳುತ್ತೇನೆ, ನಿಮ್ಮ ಕೇಸಿಗೆ ಬೇಕಾದ್ದೆಲ್ಲ ಅದರಲ್ಲೇ ಇದೆ. ಮಿಸೌರಿಯ ಸೇಂಟ್ ಲೂಯಿಸ್ ಕೌಂಟಿಯ ಹೇಝಲ್‌ವುಡ್ ಈಸ್ಟ್ ಹೈಸ್ಕೂಲು. ‘ಸ್ಪೆಕ್ಟ್ರಮ್’ ಅಂತ ಪೇಪರು, ನಿಮ್ಮ ಹಾಗೇ ಜರ್ನಲಿಸಂ ಕ್ಲಾಸಿನದು. 1983ರ ಮೇ 10ಕ್ಕೆ ಪ್ರೂಫ್ ಪ್ರಿನ್ಸಿಪಾಲರ ಟೇಬಲ್ಲಿಗೆ ಹೋಯಿತು, ಸಂಚಿಕೆ ಬರಬೇಕಾಗಿದ್ದು 13ಕ್ಕೆ. ಎರಡು ಲೇಖನ ಅವರಿಗೆ ಹಿಡಿಸಲಿಲ್ಲ. ಒಂದು, ಅದೇ ಸ್ಕೂಲಿನ ಮೂವರು ಹುಡುಗಿಯರು ಬಸಿರಾದದ್ದು, ಹೆಸರು ಬದಲಿಸಿ ಬರೆದದ್ದು. ಇನ್ನೊಂದು ಅಪ್ಪ-ಅಮ್ಮನ ಡೈವೋರ್ಸ್ ಬಗ್ಗೆ, ಅದರಲ್ಲಿ ಒಬ್ಬ ಹುಡುಗಿ ಹೆಸರು ಸಮೇತ ತಂದೆಯನ್ನು ದೂರಿದ್ದಳು. ತಿದ್ದುವಷ್ಟು ಟೈಮಿಲ್ಲ ಅಂದುಕೊಂಡು ಅವರು ಆ ಎರಡು ಪುಟವನ್ನೇ ಕಿತ್ತು, ಆರು ಪುಟದ ಪೇಪರನ್ನು ನಾಲ್ಕು ಪುಟಕ್ಕೆ ಇಳಿಸಿದರು. ಅದೇ ಪುಟಗಳಲ್ಲಿದ್ದ, ಯಾರ ತಕರಾರೂ ಇಲ್ಲದ ಬರಹಗಳೂ ಹೋದವು. ತಮಾಷೆ ಏನೆಂದರೆ, ಡೈವೋರ್ಸ್ ಲೇಖನದ ಹುಡುಗಿಯ ಹೆಸರನ್ನು ಅಡ್ವೈಸರ್ ಕೊನೆಯ ಪ್ರತಿಯಲ್ಲಿ ಆಗಲೇ ತೆಗೆದಿದ್ದರು. ಪ್ರಿನ್ಸಿಪಾಲ್ ನೋಡಿದ್ದು ಹಳೇ ಪ್ರತಿ.

1988ರ ಜನವರಿ 13ರಂದು ಸುಪ್ರೀಂ ಕೋರ್ಟು 5–3ರಲ್ಲಿ ಸ್ಕೂಲಿನ ಪರ ನಿಂತಿತು. ಬಹುಮತದ ತೀರ್ಪು ಬರೆದವರು ಜಸ್ಟಿಸ್ ಬೈರನ್ ವೈಟ್. ಬೋಧನೆಗೆ ಸಂಬಂಧಪಟ್ಟ ನ್ಯಾಯವಾದ ಕಾರಣ ಇದ್ದು, ತಡೆ ಅದಕ್ಕೆ ತಕ್ಕಂತಿದ್ದರೆ ಸಾಕು ಎಂಬುದು ಅದರ ತಿರುಳು. ಉದಾಹರಣೆಗೆ ಕೋರ್ಟೇ ಹೇಳಿದ್ದು: ವ್ಯಾಕರಣ ಕೆಟ್ಟದ್ದು, ಬರವಣಿಗೆ ಸಡಿಲವಾದದ್ದು, ಸಾಕಷ್ಟು ವಿಚಾರಿಸದೆ ಬರೆದದ್ದು, ಪಕ್ಷಪಾತದ್ದು, ಅಸಭ್ಯವಾದದ್ದು, ಎಳೆಯ ಓದುಗರಿಗೆ ಹೊಂದದ್ದು. ಈ ಪಟ್ಟಿಯನ್ನು ಮಗಳು ಲೇಖನದ ಪಕ್ಕ ಇಟ್ಟುಕೊಂಡು ಓದಲಿ. "ಸ್ಕೂಲಿನ ಹೆಸರು ಕೆಡುತ್ತೆ" ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ. ನಿಮ್ಮ ಹಿಡಿ ಇರುವುದು ಅಲ್ಲಿ.

ಆ ತೀರ್ಪಿಗೊಂದು ಬಾಗಿಲು ಉಂಟು. ಸ್ಕೂಲು ಪೇಪರನ್ನು ವಿದ್ಯಾರ್ಥಿಗಳ ವೇದಿಕೆಯಾಗಿ, ಅಂದರೆ ಪಬ್ಲಿಕ್ ಫೋರಂ ಆಗಿ ಬಿಟ್ಟುಕೊಟ್ಟಿದ್ದರೆ ಹೇಝಲ್‌ವುಡ್ ಅಳತೆ ಅನ್ವಯಿಸದು. ಹಾಗಾಗಿ ಮೊದಲ ಕೆಲಸ ಕಾಗದ ಹುಡುಕುವುದು. ಟೆಕ್ಸಾಸ್ ಶಾಲಾ ಜಿಲ್ಲೆಗಳ (ಸ್ಕೂಲ್ ಡಿಸ್ಟ್ರಿಕ್ಟ್) ಪಾಲಿಸಿ ಮ್ಯಾನ್ಯುಯಲ್ ಆನ್‌ಲೈನಿನಲ್ಲೇ ಇರುತ್ತೆ. ಎಫ್‌ಎಂಎ ಅಂತ ಕೋಡ್ ಹಾಕಿ (ಸ್ಕೂಲಿನ ಪ್ರಕಟಣೆಗಳ ಪಾಲಿಸಿ), ಅದರಲ್ಲಿ ಲೋಕಲ್ ಅಂತ ಇರುವ ಹಾಳೆ ತೆಗೆಯಿರಿ. ಸಾಮಾನ್ಯವಾಗಿ "ಎಲ್ಲ ಪ್ರಕಟಣೆಗಳೂ ಆಡಳಿತದ ಹಿಡಿತದಲ್ಲಿ" ಎಂಬರ್ಥದ ಸಾಲು ಸಿಗುತ್ತೆ. ಆಮೇಲೆ ಪೇಪರಿನ ಸ್ಟಾಫ್ ಮ್ಯಾನ್ಯುಯಲ್, ಮಾಸ್ಟ್‌ಹೆಡ್ (ಪೇಪರಿನ ಹೆಸರು, ಎಡಿಟರುಗಳ ವಿವರ ಇರುವ ಜಾಗ) ಕೆಳಗಿನ ಸಣ್ಣಕ್ಷರ, ಕೋರ್ಸ್ ಕ್ಯಾಟಲಾಗ್ ನೋಡಿ. ‘ವಿದ್ಯಾರ್ಥಿ ಎಡಿಟರುಗಳೇ ಅಂತಿಮ ನಿರ್ಧಾರ ಮಾಡುತ್ತಾರೆ’ ಅಂತ ಎಲ್ಲಾದರೂ ಇದ್ದರೆ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಆದರೆ ಬರೀ ಬರಹದಿಂದ ಆಗಲ್ಲ, ರೂಢಿಯೂ ಬೇಕು. ಹೇಝಲ್‌ವುಡ್ ಬೋರ್ಡಿನ ಪಾಲಿಸಿಯಲ್ಲೂ ಮುಕ್ತ ಅಭಿವ್ಯಕ್ತಿಯನ್ನು ತಡೆಯಲ್ಲ ಅಂತಲೇ ಇತ್ತು. ಎಡಿಟರುಗಳನ್ನು ಆರಿಸುತ್ತಿದ್ದದ್ದು ಟೀಚರ್, ಲೇಖನ ಹಂಚುತ್ತಿದ್ದದ್ದು ಟೀಚರ್, ತಿದ್ದುತ್ತಿದ್ದದ್ದೂ ಅವರೇ ಅಂತ ಕೋರ್ಟು ಅದನ್ನು ಬದಿಗಿಟ್ಟಿತು. ನಿಮ್ಮಲ್ಲಿ ಪ್ರಿನ್ಸಿಪಾಲ್ ಹಿಂದಿನ ಸಂಚಿಕೆಗಳನ್ನು ಅಚ್ಚಿಗೆ ಮುಂಚೆ ನೋಡುತ್ತಿದ್ದರೇ? ನೋಡದೇ ಇದ್ದು, ಇದೊಂದಕ್ಕೇ ಕೈ ಹಾಕಿದ್ದರೆ ಅದು ನಿಮಗೆ ಅನುಕೂಲ.

ಧಾರವಾಡ_ಟು_ಎಡಿಸನ್

ಮ್ಯಾಲಿನವರು ಬರದದ್ದು ಖರೇ, ಆದ್ರ ರಾಜ್ಯ ಯಾವುದು ಅನ್ನೋದರ ಮ್ಯಾಲೆ ಎಲ್ಲಾ ನಿಂತದ ರೀ. ಹೇಝಲ್‌ವುಡ್ ಅನ್ನೋದು ಬರೇ ನೆಲ, ಅದರ ಮ್ಯಾಲೆ ರಾಜ್ಯಗಳು ಹೆಚ್ಚಿನ ರಕ್ಷಣೆ ಕಟ್ಟಬಹುದು. 18 ರಾಜ್ಯ ಕಟ್ಟ್ಯಾವ. ಕ್ಯಾಲಿಫೋರ್ನಿಯಾದ್ದು 1977ರಿಂದಲೇ ಅದ, ಎಜುಕೇಶನ್ ಕೋಡ್ 48907. ನಮ್ಮ ನ್ಯೂಜೆರ್ಸಿ 2021ರ ಡಿಸೆಂಬರಿನಾಗ ಮಾಡ್ತು. ಇಲಿನಾಯ್ 2016, ವಾಷಿಂಗ್ಟನ್ 2018, ಮಿನೆಸೋಟ 2024. ಟೆಕ್ಸಾಸಿನ್ಯಾಗ ಬಿಲ್ ಮಂಡಿಸ್ಯಾರ, ಪಾಸ್ ಆಗಿಲ್ಲ. ಕೇಸ್ ಹುಟ್ಟಿದ ಮಿಸೌರಿಯೊಳಗೂ ಇಲ್ಲ!

ಈ ಕಾನೂನು ಇರೋ ರಾಜ್ಯದಾಗ ಲೆಕ್ಕ ತಿರುಗತದ. ಮಾನಹಾನಿ, ಖಾಸಗಿತನಕ್ಕ ಧಕ್ಕೆ, ಗಲಾಟೆ ಎಬ್ಬಿಸೋದು ಅಂಥಾ ಕೆಲವು ಕಾರಣ ಬಿಟ್ಟು ತಡೀಲಿಕ್ಕೆ ಬರೂದಿಲ್ಲ. ಕ್ಯಾಲಿಫೋರ್ನಿಯಾ, ಇಲಿನಾಯ್ ಎರಡರಾಗೂ ತಡಿಯೂ ಮೊದಲ ಕಾರಣ ತೋರಿಸೋ ಭಾರ ಸ್ಕೂಲಿನದು, ಅದೂ ತಡ ಮಾಡದ. 2019ರಾಗ ಸ್ಟಾಕ್ಟನ್ನಿನ ಬೇರ್ ಕ್ರೀಕ್ ಹೈಸ್ಕೂಲಿನ ‘ಬ್ರೂಯಿನ್ ವಾಯ್ಸ್’ ಪೇಪರಿನವರು 18 ವರ್ಷದ ವಿದ್ಯಾರ್ಥಿನಿ ಅಡಲ್ಟ್ ಇಂಡಸ್ಟ್ರಿಯೊಳಗ ಕೆಲಸ ಮಾಡೋದರ ಬಗ್ಗೆ ಬರದರು. ಜಿಲ್ಲೆಯವರು ಮೊದಲ ನಮಗ ತೋರಸ್ರಿ ಅಂತ ಪಟ್ಟು ಹಿಡಿದರು, ಅಡ್ವೈಸರ್ ಟೀಚರಿಗೆ ನೌಕರಿ ಹೋಗ್ತದ ಅಂತ ಪತ್ರ ಬರದರು. ಕಡೀಕ ಲೇಖನ ಬಂತು. ಟೆಕ್ಸಾಸಿನ್ಯಾಗ ಅದೇ ಲೇಖನ ಆಗಿದ್ರ ಪ್ರಿನ್ಸಿಪಾಲ್ ಟೇಬಲ್ ದಾಟ್ತಿರಲಿಲ್ಲ.

ಆದ್ರೂ ಹೇಝಲ್‌ವುಡ್ ಅಂದ್ರ ಸ್ಕೂಲ್ ಗೆದ್ದಂಗ ಅನ್ನಬ್ಯಾಡ್ರಿ. ನಮ್ಮ ಕಡೆ ಕ್ಲಿಯರ್‌ವ್ಯೂ ಜೂನಿಯರ್ ಹೈಸ್ಕೂಲಿನ ಹುಡುಗ ಎರಡು ಆರ್-ರೇಟೆಡ್ (17ರ ಒಳಗಿನವರು ದೊಡ್ಡವರ ಜೋಡಿ ಮಾತ್ರ ನೋಡಬೇಕಾದ) ಸಿನಿಮಾಕ್ಕ ವಿಮರ್ಶೆ ಬರದಿದ್ದ, ‘ಮಿಸಿಸಿಪ್ಪಿ ಬರ್ನಿಂಗ್’ ಮತ್ತ ‘ರೇನ್ ಮ್ಯಾನ್’. ವಿಮರ್ಶೆಯೊಳಗ ಕೆಟ್ಟ ಮಾತು ಏನೂ ಇಲ್ಲ, ಸಿನಿಮಾ ಆರ್ ಅನ್ನೋದಷ್ಟ ತಕರಾರು. 1994ರಾಗ ನ್ಯೂಜೆರ್ಸಿ ಸುಪ್ರೀಂ ಕೋರ್ಟು ಹೇಝಲ್‌ವುಡ್ ಅಳತೀನ ಹಿಡದು ಹುಡುಗನ ಪರ ಹೇಳ್ತು. ಸ್ಕೂಲಿನ ಪಾಲಿಸಿ ಮಬ್ಬು, ಬೋಧನೆಯ ಕಾರಣ ಏನಂತ ತೋರಸಲಿಕ್ಕೆ ಆಗಲಿಲ್ಲ ಅಂತ. ಮಿಚಿಗನ್ನಿನ ಯೂಟಿಕಾ ಹೈಸ್ಕೂಲಿನ ಪೇಪರ್ ‘ಆ್ಯರೋ’ದ್ದೂ ಹಂಗ. ಬಸ್ ಗ್ಯಾರೇಜಿನ ಡೀಸೆಲ್ ಹೊಗಿಯಿಂದ ಕಾಯಿಲೆ ಬಂತು ಅಂತ ನೆರೆಯವರು ಶಾಲಾ ಜಿಲ್ಲೆ ಮ್ಯಾಲೇ ಕೇಸ್ ಹಾಕಿದ್ದ ಸುದ್ದಿ ಅದು. 2002ರಾಗ ತಡದರು, 2004ರಾಗ ಫೆಡರಲ್ ಕೋರ್ಟು ಅದು ತಪ್ಪು ಅಂತು. ನಿಮ್ಮ ಟಾಯ್ಲೆಟ್ ಲೇಖನಕ್ಕ ಹತ್ರದ ಉದಾಹರಣೆ ಇದೇ ನೋಡ್ರಿ, ಸ್ಕೂಲಿಗೆ ಮುಜುಗರ ಆಗೂ ಸುದ್ದಿ. ಮಿಚಿಗನ್ ಕೋರ್ಟಿನ ತೀರ್ಪು ಟೆಕ್ಸಾಸಿಗೆ ಬಂಧನಕಾರಿ ಅಲ್ಲ ಅನ್ನೋದು ನೆನಪಿರಲಿ. ಮತ್ತ ಎರಡು ವರ್ಷ ಅಂದ್ರ ನಿಮ್ಮ ಮಗಳು ಅಷ್ಟೊತ್ತಿಗೆ ಕಾಲೇಜಿನ್ಯಾಗ ಇರ್ತಾಳ.

ಸುಮ್ನೆ_ಓದುವವ

ಇಷ್ಟೆಲ್ಲ ಯಾಕೆ? ಪೇಪರಿನ ಇನ್‌ಸ್ಟಾಗ್ರಾಂ ಪೇಜಿನಲ್ಲಿ ಹಾಕಿಬಿಡಲಿ.

ಕರಡು_ತಿದ್ದುವವ

ಅದೊಂದು ಮಾತ್ರ ಬೇಡ. ಪೇಪರಿನ ಇನ್‌ಸ್ಟಾ ಅಂದರೆ ಅದೂ ಸ್ಕೂಲಿನ ಪ್ರಕಟಣೆಯೇ. ಬೇಡ ಅಂದದ್ದನ್ನು ಅದರ ಲಾಗಿನ್ನಿನಿಂದ ಹಾಕಿದರೆ ಲೇಖನದ ಪ್ರಶ್ನೆ ಪಕ್ಕಕ್ಕೆ ಹೋಗಿ ಅವಿಧೇಯತೆಯ ಪ್ರಶ್ನೆ ಮುಂದೆ ಬರುತ್ತೆ. ಆ ಜಗಳದಲ್ಲಿ ಸ್ಕೂಲಿಗೇ ಬಲ.

ಹೊರಗೆ ಪ್ರಕಟಿಸುವುದು ಬೇರೆ. ವಿದ್ಯಾರ್ಥಿ ಸ್ಕೂಲಿನ ಸಂಬಳದವಳಲ್ಲ, ಆದ್ದರಿಂದ ಬೇರೆ ಒಪ್ಪಂದಕ್ಕೆ ಸಹಿ ಹಾಕಿಲ್ಲದಿದ್ದರೆ ಬರೆದದ್ದರ ಕಾಪಿರೈಟು ಸಾಮಾನ್ಯವಾಗಿ ಅವಳದೇ. ತನ್ನ ಬ್ಲಾಗಿನಲ್ಲಿ ಹಾಕಬಹುದು, ಊರಿನ ಪತ್ರಿಕೆಗೆ ಕೊಡಬಹುದು. ಪೇಪರಿನ ಹೆಸರು, ಲೋಗೋ, ಮಾಸ್ಟ್‌ಹೆಡ್, ಸ್ಕೂಲಿನ ಇಮೇಲ್, ಸ್ಕೂಲ್ ಲ್ಯಾಪ್‌ಟಾಪ್ ಯಾವುದೂ ತಾಕಬಾರದು. ಲೇಖನ ಸ್ಕೂಲಿನ ಗೂಗಲ್ ಡ್ರೈವ್‌ನಲ್ಲಿದ್ದರೆ ತನ್ನ ಬರಹದ ಪ್ರತಿಯನ್ನು ಇವತ್ತೇ ಸ್ವಂತ ಖಾತೆಗೆ ಇಳಿಸಿಕೊಳ್ಳಲಿ. ಬೇರೆಯವರ ಫೋಟೊ ಬೇಕಾದರೆ ತೆಗೆದವರನ್ನು ಕೇಳಬೇಕು.

ಹೊರಗೆ ಹೋದ ಮೇಲೆ ಹೇಝಲ್‌ವುಡ್ ಇಲ್ಲ. ಟೆಕ್ಸಾಸ್ ಇರುವ ಐದನೇ ಸರ್ಕ್ಯೂಟ್ (ಫೆಡರಲ್ ಮೇಲ್ಮನವಿ ಕೋರ್ಟು) 1972ರಲ್ಲೇ ಸ್ಯಾನ್ ಆಂಟೋನಿಯೊದ ಶಾನ್ಲಿ ಕೇಸಿನಲ್ಲಿ, ಮಕ್ಕಳು ತಾವೇ ಅಚ್ಚು ಹಾಕಿ ಸ್ಕೂಲ್ ಹೊರಗೆ ಹಂಚಿದ ಪೇಪರಿಗೆ ಸಸ್ಪೆಂಡ್ ಮಾಡಿದ್ದು ತಪ್ಪು ಎಂದಿದೆ. 2021ರಲ್ಲಿ ಸುಪ್ರೀಂ ಕೋರ್ಟಿನ ಮಹನಾಯ್ ತೀರ್ಪು, ಚಿಯರ್‌ಲೀಡಿಂಗ್ ಹುಡುಗಿಯ ಸ್ನ್ಯಾಪ್‌ಚಾಟ್ ಕೇಸು, 8–1ರಲ್ಲಿ ಅದೇ ದಾರಿ ಹಿಡಿಯಿತು. ಹಾಗಂತ ಹೊರಗಿನ ಮಾತಿಗೆ ಲಂಗುಲಗಾಮಿಲ್ಲ ಅಂತಲ್ಲ. ಇದೇ ಐದನೇ ಸರ್ಕ್ಯೂಟ್ 2015ರಲ್ಲಿ ಮಿಸಿಸಿಪ್ಪಿಯ ಹುಡುಗನೊಬ್ಬ ಕೋಚ್‌ಗಳ ಮೇಲೆ ರ‍್ಯಾಪ್ ಕಟ್ಟಿ ಮನೆಯಿಂದಲೇ ಹಾಕಿದ್ದಕ್ಕೆ ಸ್ಕೂಲಿನ ಶಿಕ್ಷೆಯನ್ನು ಎತ್ತಿಹಿಡಿಯಿತು. ಕೋಚ್‌ಗಳ ನಡತೆಯ ಮೇಲೆ ಅವನ ಆರೋಪ ಏನೇ ಇರಲಿ, ಪದಗಳು ಬೆದರಿಕೆಯ ಹಾಗಿದ್ದವು.

ಇನ್ನೊಂದು: ಸ್ಕೂಲಿನ ಪೇಪರಿನಲ್ಲಿ ಬಂದರೆ ಮಾನಹಾನಿಯ ತಲೆನೋವು ಹಂಚಿಹೋಗುತ್ತೆ, ಸ್ವಂತ ಬ್ಲಾಗಿನಲ್ಲಿ ಅದು ಪೂರ್ತಿ ನಿಮ್ಮ ಮನೆಯದು.

ಡೆಸ್ಕ್_ಮೇಲಿನ_ಕೆಂಪುಪೆನ್ನು

ಕಾನೂನು ಆಯಿತು. ಲೇಖನದ ಕಡೆ ಬನ್ನಿ. ಹೆಸರಿಲ್ಲದ ಆ ಹುಡುಗಿಯನ್ನು ಲೇಖನದಲ್ಲಿ ಹೇಗೆ ಪರಿಚಯಿಸಿದ್ದಾರೆ? ಟೀಚರುಗಳ ಬಗ್ಗೆ ಆರೋಪದ ಸಾಲು ಇದೆಯಾ? ಆ ಎರಡು ಸಾಲು ಇಲ್ಲಿ ಹಾಕಿ.

ಪ್ಲೇನೋ_ಅಮ್ಮ

ಒಂದು: "ಟೈಪ್ 1 ಡಯಾಬಿಟಿಸ್ ಇರುವ, ಈಜು ತಂಡದಲ್ಲಿರುವ 10ನೇ ಗ್ರೇಡಿನ ವಿದ್ಯಾರ್ಥಿನಿ". ಎರಡು: "ಅಸಿಸ್ಟೆಂಟ್ ಪ್ರಿನ್ಸಿಪಾಲ್ ವಿದ್ಯಾರ್ಥಿಗಳನ್ನು ಬೇಕಂತಲೇ ಸತಾಯಿಸುತ್ತಿದ್ದಾರೆ".

ಡೆಸ್ಕ್_ಮೇಲಿನ_ಕೆಂಪುಪೆನ್ನು

ಎರಡೂ ಅಚ್ಚಾಗಬಾರದ ಸಾಲುಗಳೇ, ಬೇಜಾರಾಗಬೇಡಿ.

ಮೊದಲನೆಯದರಲ್ಲಿ ಹೆಸರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಇದೆ. ಈಜು ತಂಡದಲ್ಲಿ 10ನೇ ಗ್ರೇಡಿನ ಹುಡುಗಿಯರು ಎಷ್ಟು ಜನ ಇದ್ದಾರು? ಅವರಲ್ಲಿ ಇನ್ಸುಲಿನ್ ಪಂಪ್ ಹಾಕಿಕೊಂಡವಳು ಒಬ್ಬಳೇ ಇರಬಹುದು. ಹೇಝಲ್‌ವುಡ್‌ನಲ್ಲಿ ಪ್ರಿನ್ಸಿಪಾಲ್ ಕೊಟ್ಟ ಕಾರಣವೂ ಇದೇ: ಹೆಸರು ಬದಲಿಸಿದರೂ ಆ ಮೂವರು ಯಾರೆಂದು ಸ್ಕೂಲಿಗೆಲ್ಲ ತಿಳಿಯುತ್ತೆ. ಕೋರ್ಟು ಅದನ್ನು ಒಪ್ಪಿತು. ಈಜು ತಂಡ ತೆಗೆಯಿರಿ, ಗ್ರೇಡ್ ತೆಗೆಯಿರಿ. "ಪದೇ ಪದೇ ಟಾಯ್ಲೆಟ್‌ಗೆ ಹೋಗಬೇಕಾದ ಆರೋಗ್ಯ ಸಮಸ್ಯೆ ಇರುವ ಒಬ್ಬ ವಿದ್ಯಾರ್ಥಿ" ಸಾಕು. ಆ ಹುಡುಗಿಗೂ ಅವಳ ಅಪ್ಪ-ಅಮ್ಮನಿಗೂ ಈ ಸಾಲು ಓದಿಸಿ, ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ‘ಫರ್ಪಾ ಅಡ್ಡಬರುತ್ತೆ’ ಅಂತ ಆಫೀಸಿನವರು ಹೇಳಬಹುದು. ಫರ್ಪಾ ಅನ್ನುವುದು ವಿದ್ಯಾರ್ಥಿಗಳ ಬಗ್ಗೆ ಸ್ಕೂಲು ಇಟ್ಟುಕೊಂಡಿರುವ ದಾಖಲೆಗಳ ಖಾಸಗಿತನಕ್ಕೆ ಸಂಬಂಧಿಸಿದ ಫೆಡರಲ್ ಕಾನೂನು. ಹುಡುಗಿ ತಾನೇ ಬಾಯಿಬಿಟ್ಟು ರಿಪೋರ್ಟರಿಗೆ ಹೇಳಿದ್ದು ಅದರಡಿ ಬರಲ್ಲ.

ಎರಡನೆಯದರಲ್ಲಿ "ಬೇಕಂತಲೇ" ಅನ್ನುವ ಒಂದೇ ಪದ ಕೊಲ್ಲುತ್ತೆ. ಇನ್ನೊಬ್ಬರ ಮನಸ್ಸಿನ ಉದ್ದೇಶ ರಿಪೋರ್ಟರಿಗೆ ಹೇಗೆ ಗೊತ್ತು? ಅದನ್ನು ಅಳಿಸಿ, ಕಂಡದ್ದನ್ನು ಹಾಕಿ. ಐದು ಶಾಲಾ ದಿನ, ಪ್ರತಿ ಪೀರಿಯಡ್, ಯಾವ ಮಹಡಿಯ ಯಾವ ಟಾಯ್ಲೆಟ್ ತೆರೆದಿತ್ತು, ಯಾವುದಕ್ಕೆ ಬೀಗ ಅಂತ ಒಂದು ಶೀಟ್ ಮಾಡಿ ಇಬ್ಬರು ಬೇರೆ ಬೇರೆಯಾಗಿ ತುಂಬಲಿ, ಕೊನೆಗೆ ತಾಳೆ ನೋಡಿ. "ಮಂಗಳವಾರ ನಾಲ್ಕನೇ ಪೀರಿಯಡ್‌ನಲ್ಲಿ ಎರಡನೇ ಮಹಡಿಯ ಮೂರರಲ್ಲಿ ಎರಡಕ್ಕೆ ಬೀಗವಿತ್ತು" ಅಂತ ಬರೆದರೆ ಯಾರೂ ಮಾನಹಾನಿ ಅನ್ನಲಾರರು. ಫೋಟೊ ಬಾಗಿಲಿನದು ಮಾತ್ರ, ಕಾರಿಡಾರಿನಿಂದ, ಯಾರೂ ಇಲ್ಲದಾಗ. ಟಾಯ್ಲೆಟ್ ಒಳಗೆ ಫೋನ್ ಹೊರಗೆ ತೆಗೆದರೆ ಲೇಖನದ ಕಥೆ ಅಲ್ಲಿಗೇ ಮುಗಿಯಿತು, ಹುಡುಗಿಯ ಮೇಲೆ ಬೇರೆ ಕೇಸು.

ಸೆನ್ಸರ್‌ಗಳ ಬೆಲೆ ಎಷ್ಟು, ಎಷ್ಟು ಕೊಂಡರು? ‘ಮಕ್ಕಳು ಹೇಳಿದರು’ ಸಾಲದು. ಟೆಕ್ಸಾಸ್ ಪಬ್ಲಿಕ್ ಇನ್ಫರ್ಮೇಶನ್ ಆ್ಯಕ್ಟ್ ಅಡಿ ಜಿಲ್ಲೆಗೆ ಬರೆದು ಇನ್‌ವಾಯ್ಸ್ ಮತ್ತು ಪರ್ಚೇಸ್ ಆರ್ಡರ್ ಕೇಳಿ. ಕೊಡಲ್ಲ ಅನ್ನಬೇಕಾದರೆ ಅವರು ಸಾಮಾನ್ಯವಾಗಿ 10 ಕೆಲಸದ ದಿನದೊಳಗೆ ಅಟಾರ್ನಿ ಜನರಲ್ ಅಭಿಪ್ರಾಯ ಕೇಳಬೇಕು. "ವಿವರ ಕೊಡಿ" ಅಂದರೆ ಏನೂ ಬರಲ್ಲ, ಯಾವ ತಿಂಗಳಿಂದ ಯಾವ ತಿಂಗಳವರೆಗಿನ ಯಾವ ಕಾಗದ ಅಂತ ಬರೆಯಬೇಕು.

ಅಸಿಸ್ಟೆಂಟ್ ಪ್ರಿನ್ಸಿಪಾಲರಿಗೆ ಪ್ರಶ್ನೆಗಳನ್ನು ಮೇಲ್‌ನಲ್ಲಿ ಕಳಿಸಿ, ಎರಡು ಮೂರು ದಿನ ಕೊಡಿ. ಉತ್ತರ ಬಾರದಿದ್ದರೆ "ಇಂಥ ದಿನ ಕೇಳಿದ್ದೆವು, ಪ್ರತಿಕ್ರಿಯಿಸಲಿಲ್ಲ" ಅಂತ ಹಾಕಿ. ಹೇಝಲ್‌ವುಡ್‌ನ ಡೈವೋರ್ಸ್ ಲೇಖನದ ಮೇಲಿದ್ದ ದೂರೇ ತಂದೆಗೆ ಮಾತಾಡಲು ಅವಕಾಶ ಕೊಡಲಿಲ್ಲ ಅನ್ನುವುದು.

ಇಷ್ಟು ತಿದ್ದಿದ ಮೇಲೆ ಹಳೇ ಪ್ರತಿಗೆ ‘ರದ್ದು’ ಅಂತ ಹೆಸರು ಹಾಕಿ ಪಕ್ಕಕ್ಕಿಟ್ಟು, ಹೊಸದಕ್ಕೆ ತಾರೀಖು ಹಾಕಿ ಕಳಿಸಿ. ಪ್ರಿನ್ಸಿಪಾಲ್ ಹಳೇ ಪ್ರತಿ ಓದಿ ಬೇಡ ಅನ್ನುವುದು 1983ರಲ್ಲೇ ಒಮ್ಮೆ ಆಗಿದೆ.

ಕರಡು_ತಿದ್ದುವವ

ಮೇಲಿನ ಕೆಂಪುಪೆನ್ನಿಗೆ ನನ್ನ ನಮಸ್ಕಾರ. ಈಗ ಮೇಲ್. ಮಗಳೇ ಬರೆಯಲಿ, ನೀವಲ್ಲ, ಟೀಚರ್ ಅಂತೂ ಅಲ್ಲವೇ ಅಲ್ಲ. ಮೂರೇ ಪ್ರಶ್ನೆ: ಯಾವ ಸಾಲಿಗೆ ಆಕ್ಷೇಪ? ಜಿಲ್ಲೆಯ ಯಾವ ಪಾಲಿಸಿಯ ಪ್ರಕಾರ? ಏನು ಬದಲಿಸಿದರೆ ಪ್ರಕಟಿಸಬಹುದು? ಕೆಳಗೆ, ಪ್ರಿಂಟರಿಗೆ ಕಳಿಸುವ ದಿನ ಇಂಥದ್ದು, ಅದಕ್ಕೆ ಮುಂಚೆ ಉತ್ತರ ಸಿಕ್ಕರೆ ಅನುಕೂಲ. ಕೋರ್ಟು, ಲಾಯರು ಅನ್ನುವ ಪದ ಬೇಡ. ಬಾಯಲ್ಲೇ ಉತ್ತರ ಕೊಟ್ಟರೆ ಅದೇ ದಿನ "ನೀವು ಹೀಗೆ ಹೇಳಿದಿರಿ ಅಂತ ನಾನು ತಿಳಿದುಕೊಂಡಿದ್ದೇನೆ" ಎಂದು ಮತ್ತೊಂದು ಮೇಲ್. "ಸ್ಕೂಲಿನ ಹೆಸರು ಕೆಡುತ್ತೆ" ಅನ್ನುವುದು ಬರಹದಲ್ಲಿ ಬಂದರೆ ಅದಕ್ಕಿಂತ ಒಳ್ಳೆಯ ಕಾಗದ ನಿಮಗೆ ಬೇರೆ ಸಿಗಲ್ಲ.

ಜೊತೆಗೇ ಸ್ಟೂಡೆಂಟ್ ಪ್ರೆಸ್ ಲಾ ಸೆಂಟರ್‌ಗೆ ಬರೆಯಿರಿ. 1974ರಿಂದ ಇರುವ ಸಂಸ್ಥೆ, ವಿದ್ಯಾರ್ಥಿ ಪತ್ರಕರ್ತರಿಗೆ ಪುಕ್ಕಟೆ ಕಾನೂನು ಸಲಹೆ ಕೊಡುತ್ತಾರೆ. ಲೇಖನ, ಎಫ್‌ಎಂಎ ಹಾಳೆ, ಮೇಲ್‌ಗಳು, ಡೆಡ್‌ಲೈನ್ ಎಲ್ಲ ಒಂದೇ ಸಲ ಕಳಿಸಿ. ಪ್ರಿನ್ಸಿಪಾಲ್ ಜಗ್ಗದಿದ್ದರೆ ಜಿಲ್ಲೆಯ ದೂರಿನ ವಿಧಾನ ಎಫ್‌ಎನ್‌ಜಿ ಕೋಡಿನಡಿ ಇದೆ. ಅದರಲ್ಲಿ ಕಾಲಮಿತಿ ಉಂಟು, ಮೊದಲು ಆ ದಿನ ಎಣಿಸಿಕೊಳ್ಳಿ. ಅದು ದಾಟಿದರೆ ವಿಷಯವನ್ನೇ ನೋಡದೆ ವಾಪಸ್ ಮಾಡುತ್ತಾರೆ.

ಪ್ಲೇನೋ_ಅಮ್ಮ

ಎಲ್ಲರಿಗೂ ಧನ್ಯವಾದ. ಎರಡು ಚಿಂತೆ. ಟೀಚರಿಗೆ ತೊಂದರೆ ಆಗುತ್ತಾ? ನಾವು ಎಚ್‌-1ಬಿ, ಮಗಳು ಎಚ್‌-4 (ನಮ್ಮ ಕೆಲಸದ ವೀಸಾದ ಮೇಲೆ ಅವಲಂಬಿತಳ ವೀಸಾ). ಅದಕ್ಕೇನಾದರೂ?

ಧಾರವಾಡ_ಟು_ಎಡಿಸನ್

ಟೀಚರಿಗೆ ಆಗಬಹುದು ರೀ, ಅದನ್ನ ಹಗುರ ತಗೋಬ್ಯಾಡ್ರಿ. ಸುಪ್ರೀಂ ಕೋರ್ಟಿನ 2006ರ ಗಾರ್ಸೆಟಿ ತೀರ್ಪಿನ ಮ್ಯಾಲೆ, ಸರಕಾರಿ ನೌಕರ ಕೆಲಸದ ಭಾಗವಾಗಿ ಆಡಿದ ಮಾತಿಗೆ ರಕ್ಷಣೆ ಕಡಿಮಿ. ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿಯೊಳಗ ಅಡ್ವೈಸರನ್ನ ಕಾಯೋ ಸಾಲು ಕಾನೂನಿನ್ಯಾಗೇ ಅದ, ಟೆಕ್ಸಾಸಿನ್ಯಾಗ ಅಂಥಾದ್ದಿಲ್ಲ. ಅದಕ್ಕ ಟೀಚರನ್ನ ಸಿಸಿಯೊಳಗೂ ಎಳೀಬ್ಯಾಡ್ರಿ, ಅವರ ಮಾತನ್ನ ಮೇಲ್‌ನಾಗ ಉದ್ಧರಿಸಬ್ಯಾಡ್ರಿ.

ವೀಸಾ ಬಗ್ಗೆ: ಪಬ್ಲಿಕ್ ಸ್ಕೂಲಿನ ವಿಷಯಕ್ಕ ಈ ತೀರ್ಪುಗಳು ಪೌರತ್ವ ಕೇಳೂದಿಲ್ಲ. 2025ರ ಮಾರ್ಚಿನಾಗ ಟಫ್ಟ್ಸ್ ವಿಶ್ವವಿದ್ಯಾಲಯದ ಪಿಎಚ್‌ಡಿ ವಿದ್ಯಾರ್ಥಿನಿಯನ್ನ ಹಿಡದ ಸುದ್ದಿಯಿಂದ ಮಂದಿ ಅಂಜ್ಯಾರ, ಗೊತ್ತದ. ಆಕಿ ಬರದಿದ್ದು ಗಾಝಾ ವಿಷಯದ ಲೇಖನ, ಕ್ಯಾಂಪಸ್ ಪೇಪರಿನ್ಯಾಗ. ಟಾಯ್ಲೆಟ್ ಬೀಗ ಆ ಪೈಕಿ ಅಲ್ಲ. ಮುಂದ ವಿದೇಶಾಂಗ ವಿಷಯ ಬರಿಯೂದಿದ್ರ ಮೊದಲ ಇಮಿಗ್ರೇಶನ್ ವಕೀಲರನ್ನ ಕೇಳ್ರಿ, ಫೋರಂನಾಗ ಅಲ್ಲ.

ಸುಮ್ನೆ_ಓದುವವ

ಇನ್‌ಸ್ಟಾ ಸಲಹೆ ವಾಪಸ್. ಇನ್ನೊಂದು ಪ್ರಶ್ನೆ: ಲೇಖನ ಬಂದ ಮೇಲೆ ವೆಬ್‌ಸೈಟಿನಿಂದ ತೆಗೆಸಿದರೆ?

ಡೆಸ್ಕ್_ಮೇಲಿನ_ಕೆಂಪುಪೆನ್ನು

ಆಗುತ್ತೆ, ಅದರಲ್ಲೂ ಬೇಸಿಗೆ ರಜೆಯಲ್ಲಿ, ಎಡಿಟರುಗಳು ಇಲ್ಲದಾಗ. ಪ್ರಕಟವಾದ ದಿನವೇ ಪುಟವನ್ನು ಪಿಡಿಎಫ್ ಮಾಡಿ ಸ್ವಂತ ಖಾತೆಯಲ್ಲಿ ಇಡಿ, ವೇಬ್ಯಾಕ್ ಮೆಷೀನ್‌ನಲ್ಲಿ (ವೆಬ್ ಪುಟಗಳ ಪ್ರತಿ ಇಟ್ಟುಕೊಳ್ಳುವ ಸೈಟು) ಲಿಂಕ್ ಹಾಕಿ ಸೇವ್ ಮಾಡಿ. ಸೈಟಿನ ಅಡ್ಮಿನ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಈಗಲೇ ವಿಚಾರಿಸಿ. ಅಚ್ಚಿನ ಸಂಚಿಕೆಯಾದರೆ ನಾಲ್ಕು ಪ್ರತಿ ಮನೆಗೆ, ಒಂದು ಊರಿನ ಪಬ್ಲಿಕ್ ಲೈಬ್ರರಿಗೆ.